ಕುಂಕುಮ ಹಚ್ಚಿದ ಪಾಸ್‌ವರ್ಡ್

"ನೀವೇ ಹೇಳಿ ಶಿವಕಿರಣ್, ಈ ಕಳ್ಳಿಗೆ ಸಿಸ್ಟಮ್ ಮುಟ್ಟು ಅಂದೋರು ಯಾರು?"

ಲಕ್ಷ್ಮೀಪುರಂನ ಕಂಪ್ಯೂಟರ್ ತರಬೇತಿ ಸಂಸ್ಥೆಯ ಮಾಲೀಕ ಸಿದ್ದಲಿಂಗಸ್ವಾಮಿ ಮೇಜು ಕುಟ್ಟಿದ. ಅವನ ತಲೆಯ ಮೇಲೆ, ಗೋಡೆಯಲ್ಲಿ, ಅನುಮತಿ ಪಡೆದು ಸಿಸ್ಟಮ್‌ಗಳ ಲೋಪ ಹುಡುಕಿಕೊಡುವ ಎಥಿಕಲ್ ಹ್ಯಾಕರ್ ಸರ್ಟಿಫಿಕೇಟ್. ಪರೀಕ್ಷೆ ಪಾಸು ಮಾಡಿದವನು ಮೇಷ್ಟ್ರು ಶಿವಕಿರಣ್. ಅದಕ್ಕೆ ಗಂಧದ ಹಾರ ಹಾಕಿ ಮೆರೆಯುವವನು ಮಾಲೀಕ. ವಿದ್ಯೆ ಬದುಕಿರುವಾಗಲೇ ಅದರ ಪಟಕ್ಕೆ ಹಾರ ಹಾಕುವ ಜನ!

ಲ್ಯಾಬ್ ನೋಡಿಕೊಳ್ಳುವ ಭಾನುಮತಿ ಶಿವಕಿರಣನ ಮುಖವನ್ನೇ ನೋಡಿದಳು. ಹೇಳಿ... ನಾನೇ ಹೇಳಿದ್ದು ಅಂತ ಒಂದೇ ಒಂದು ಮಾತು ಹೇಳಿ...

ಅವನು ತಲೆ ತಗ್ಗಿಸಿದ.

ಅಷ್ಟೇ. ಎರಡು ವರ್ಷ ಅವನ ಪಕ್ಕ ಕೂತು ಕಲಿತದ್ದು, ಕದ್ದು ನೋಡಿ ನಕ್ಕದ್ದು, ಎಲ್ಲವೂ ಅವಳಿಗೆ ಹೇಸಿಗೆಯಾಯಿತು. ಥೂ, ಇವನನ್ನಾ ನಾನು ಮೆಚ್ಚಿದ್ದು!

ಅವಳು ಮಾಡಿದ್ದೇನು? ಆಯುಧಪೂಜೆಯ ದಿನ ಮಾಲೀಕ ಪಾಸ್‌ವರ್ಡ್ ಬರೆದ ಪುಸ್ತಕವನ್ನೂ ಕಂಪ್ಯೂಟರಿನ ಮುಂದೆ ಬಿಚ್ಚಿಟ್ಟು, ಕುಂಕುಮ ಹಚ್ಚಿ, ಫೋಟೋ ತೆಗೆಸಿ ವೆಬ್‌ಸೈಟಿಗೆ ಹಾಕಿಸಿದ್ದ.

"ಊರಿಗೆಲ್ಲ ಬೀಗದ ಕೈ ಹಂಚಿದಂಗಾಯ್ತು ಸಾರ್," ಅಂದಿದ್ದಳು.

"ಬುದ್ಧನಿಗೆ ಕೈ ಮುಗಿಯೋ ನಿಮ್ಮೋರಿಗೆ ಪೂಜೆ ವಿಷಯ ಏನಮ್ಮ ಗೊತ್ತು?" ಎಂದು ನಕ್ಕಿದ್ದ.

ಆಗ ಸಿಸ್ಟಮ್‌ಗಳ ಹೊಣೆ ಹೊತ್ತಿದ್ದ ಶಿವಕಿರಣನೇ, "ಒಳಗೆ ಹೋಗಿ ತೋರಿಸಿ ಭಾನು, ನಾನಿದ್ದೀನಿ," ಅಂದಿದ್ದ. ಅವಳು ಅದೇ ಪಾಸ್‌ವರ್ಡ್ ಹಾಕಿ ಅಂಕಪಟ್ಟಿ ತೆರೆದಳು. ಏನನ್ನೂ ತಿದ್ದದೆ, ಒಂದು ಪುಟ ಪ್ರಿಂಟ್ ತೆಗೆದು ಮಾಲೀಕನ ಮೇಜಿನ ಮೇಲಿಟ್ಟಳು.

ಲಿಖಿತ ಅನುಮತಿಯಿಲ್ಲದೆ ಪರರ ಸಿಸ್ಟಮ್ ಮುಟ್ಟಬಾರದು. ಅವನೇ ಕಲಿಸಿದ ಮೊದಲ ಪಾಠ. ಮೆಚ್ಚಿದವನ ಬಾಯಿಮಾತೇ ಸಾಕು ಅಂದುಕೊಂಡದ್ದು ಅವಳ ತಪ್ಪು.

ಮಾಲೀಕ ಪೊಲೀಸರಿಗೆ ದೂರು ಕೊಟ್ಟ. ಮೂರು ದಿನಗಳ ನಂತರ, ಎಸಿಪಿ ಕಚೇರಿ.

"ಐಟಿ ಕಾಯ್ದೆ, ಸೆಕ್ಷನ್ ಅರವತ್ತಾರು. ಮೂರು ವರ್ಷದವರೆಗೂ ಜೈಲು ಕಣಮ್ಮ," ಅಂದರು ಅಧಿಕಾರಿ.

"ತಪ್ಪಾಯ್ತು ಅಂತ ಬರ್ಕೊಟ್ರೆ ದೊಡ್ಡ ಮನಸ್ಸು ಮಾಡಿ ಬಿಟ್ಬುಡ್ತೀನಿ ಸಾರ್," ಅಂದ ಸಿದ್ದಲಿಂಗಸ್ವಾಮಿ.

"ಆ ದೊಡ್ಡ ಮನಸ್ಸಿಗೂ ಕುಂಕುಮ ಹಚ್ಚಿಟ್ಕೊಳ್ಳಿ!" ಅಂದಳು ಭಾನುಮತಿ.

ಬಾಗಿಲು ತೆರೆಯಿತು. ಶಿವಕಿರಣ್! ಕೈಯಲ್ಲಿ ಒಂದು ಕಾಗದ.

"ಪರೀಕ್ಷೆ ಮಾಡಿ ಅಂದೋನು ನಾನೇ ಸಾರ್. ಬರ್ಕೊಂಡು ಬಂದಿದ್ದೀನಿ. ತಾರೀಖು ಇವತ್ತಿಂದೇ. ಹಿಂದಿನದು ಹಾಕಿದ್ರೆ ಸುಳ್ಳಾಗುತ್ತೆ."

"ಕೆಲಸ ಹೋಗುತ್ತೆ ಕಣೋ! ನಮ್ಮ ಜನದೋನಾಗಿ, ಇವಳಿಗೋಸ್ಕರ..."

"ಸರ್ಟಿಫಿಕೇಟು ಗೋಡೆಯಿಂದ ಇಳಿಸ್ಕೊಂಡೇ ಬಂದೆ. ಹಾರ ನೀವಿಟ್ಕೊಳ್ಳಿ."

ಅಧಿಕಾರಿ ಕಾಗದ ಓದಿದರು. "ಸಿಸ್ಟಮ್ ನೋಡ್ಕೊಳ್ಳೋರೇ ಹೇಳಿದ್ದಾರೆ. ಅಳಿಸಿಲ್ಲ, ತಿದ್ದಿಲ್ಲ. ಇದು ಹ್ಯಾಕಿಂಗ್ ಹೆಂಗಾಗುತ್ತೆ ಸ್ವಾಮಿ? ಮೊದ್ಲು ಹೋಗಿ ವೆಬ್‌ಸೈಟಿಂದ ಆ ಫೋಟೋ ತೆಗೆದುಹಾಕಿ!"

ಹೊರಗೆ ಬಂದರೂ ಭಾನುಮತಿ ನಿಲ್ಲಲಿಲ್ಲ. ಅವನು ಹಿಂದೆಯೇ ಓಡಿಬಂದ.

"ಆವತ್ತು ಹೆದರ್ಬುಟ್ಟೆ ಭಾನು... ಕ್ಷಮಿಸಿ ಅನ್ನೋಕೂ ಮುಖ ಇಲ್ಲ. ಆದ್ರೆ ನಿಮ್ಮನ್ನ ಬಿಟ್ಟು ಇರೋಕಾಗಲ್ಲ."

ಅವಳ ಎದೆ ಕರಗಿತು. ದನಿ ಕರಗಲಿಲ್ಲ.

"ಪೊಲೀಸರಿಗೆ ಬರ್ಕೊಟ್ರಿ, ಸರಿ. ಮಂಡಿ ಮೊಹಲ್ಲಾದಲ್ಲಿ ನಮ್ಮಮ್ಮ ಇದ್ದಾಳೆ. ಅವಳಿಗೆ ಓದೋಕೆ ಬರಲ್ಲ. ಈಗ ನಂಗೆ ಹೇಳಿದ್ದನ್ನ ಅವಳಿಗೂ ಬಾಯಿಬಿಟ್ಟೇ ಹೇಳ್ಬೇಕು."

"ಹೇಳ್ತೀನಿ."

"ಹಿಂಗೆ ನೆಲ ನೋಡ್ಕೊಂಡಾ?"

ಶಿವಕಿರಣ್ ತಲೆಯೆತ್ತಿದ. ಕಣ್ಣು ತುಂಬಿತ್ತು.

"ಹ್ಞಾಂ... ಹಿಂಗೆ," ಅಂದಳು ಭಾನುಮತಿ. "ಬನ್ನಿ, ನಡೀರಿ."