ತಾಯ್ಕೋ ಗೀಕೋ

ಈ ಪ್ರಕರಣವನ್ನು ಬರೆಯಲು ನನಗಿಂತ ತಿಳಿದವರು ಇದ್ದಾರೆ. ಅವರು ಬರೆಯಲಿಲ್ಲ, ನಾನು ಬರೆಯುತ್ತಿದ್ದೇನೆ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಜಪಾನಿನ ಪೊಲೀಸ್ ಕಾಗದಗಳಿಗೆ ಬೇರೆ ಹೆಸರುಗಳಿವೆ. ನಮ್ಮ ಓದುಗರಿಗೆ ತೊಡಕಾಗಬಾರದೆಂದು ಪಂಚನಾಮೆ, ಹೇಳಿಕೆ ಎಂದೇ ಬರೆದಿದ್ದೇನೆ, ತಪ್ಪಿದ್ದರೆ ಮನ್ನಿಸಬೇಕು. ನಮ್ಮವರ ಮಾನ ಹೋಗುವ ಸಂಗತಿಯೂ ಇದರಲ್ಲಿದೆ. ಅದನ್ನು ಬಿಟ್ಟು ಬರೆಯಲು ನೋಡಿದೆ. ಆಗ ಕತೆಯೇ ಉಳಿಯಲಿಲ್ಲ.

2024ರ ನವೆಂಬರ್ 16, ಶನಿವಾರ. ಸಂಜೆ ಐದೂಕಾಲಿಗೆ ಕಾವಾಸಾಕಿ ನಗರದ ಒಂದು ಠಾಣೆಗೆ ಫೋನ್ ಬಂತು. ಎತ್ತಿಕೊಂಡವನು ಕಾನ್‌ಸ್ಟೇಬಲ್ ಹಿಗಾ. ಗಂಡಸಿನ ದನಿ, ವಿದೇಶಿಯ ಜಪಾನಿ ಭಾಷೆ, ಮೂರೇ ಮಾತು.

"ತಾಯ್ಕೋ ಗೀಕೋ ನೋ ಇಯೆ. ನೊಮು ನೋ, ಯೊಕುನಾಯ್. ಸುಮಿಮಾಸೆನ್."

ಫೋನ್ ಕಟ್ಟಾಯಿತು. ತಾಯ್ಕೋ ಎಂದರೆ ಡೋಲು, ಇಯೆ ಎಂದರೆ ಮನೆ. ಎರಡನೆಯ ಮಾತಿಗೆ 'ಕುಡಿಯೋದು ಒಳ್ಳೇದಲ್ಲ' ಎಂಬಷ್ಟು ಅರ್ಥ. ಸುಮಿಮಾಸೆನ್ ಅಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು: ಕ್ಷಮಿಸಿ ಎನ್ನಲೂ ಅದೇ, ತೊಂದರೆ ಕೊಟ್ಟೆ ಎನ್ನಲೂ ಅದೇ.

ಡೋಲಿನ ಮನೆ ಯಾವುದೆಂದು ಹಿಗಾನಿಗೆ ಗೊತ್ತಿತ್ತು. ಹಳೆಯ ಸ್ಕ್ರೂ ಕಾರ್ಖಾನೆಯೊಂದನ್ನು ಬಾಡಿಗೆಗೆ ಹಿಡಿದು ಆಫ್ರಿಕಾ ಮತ್ತು ಕೆರಿಬಿಯನ್ ದ್ವೀಪಗಳ ಜನ ನಡೆಸುವ ಕಲಾಕೇಂದ್ರ ಅದು, ಹೆಸರು ಕಲಬಾಶ್ ಹೌಸ್. ಕಲಬಾಶ್ ಎಂದರೆ ಒಣಗಿದ ಸೋರೆಬುರುಡೆ. ಶನಿವಾರ ಸಂಜೆ ಉಕ್ಕಿನ ಪೀಪಾಯಿ ಕಡಿದು ಮಾಡಿದ ಸ್ಟೀಲ್‌ಪ್ಯಾನ್ ವಾದನ, ಮಕ್ಕಳು ಮರಿಯೊಂದಿಗೆ ಊಟ. ಆಮೇಲೆ ದೊಡ್ಡವರ ಕುಣಿತ. ಗದ್ದಲವೆಂದು ಅಕ್ಕಪಕ್ಕದವರ ದೂರು ವಾರಕ್ಕೊಂದು ಬರುತ್ತಿತ್ತು. ಇದೂ ಅಂಥದ್ದೇ ಎಂದುಕೊಂಡ ಹಿಗಾ, 'ಗದ್ದಲ, ಕುಡಿತ' ಎಂದು ಬರೆದು ರಾತ್ರಿ ಗಸ್ತಿನವರಿಗೆ ಬಿಟ್ಟ.

ಏಳು ಗಂಟೆಗೆ ಆಸ್ಪತ್ರೆಯಿಂದ ಫೋನ್ ಬಂತು. ಕಲಬಾಶ್ ಹೌಸಿನಲ್ಲಿ ಊಟಕ್ಕೆ ಕೂತಿದ್ದ ಏಳು ಜನರಿಗೆ ಬಾಯಿ, ಗಂಟಲು ಸುಟ್ಟಿದೆ. ಅವರಲ್ಲಿ ಒಬ್ಬ ಐದು ವರ್ಷದ ಹುಡುಗ, ಸ್ಟೀಲ್‌ಪ್ಯಾನ್ ಬಾರಿಸುವ ವಿನ್‌ಸ್ಟನ್‌ನ ಮಗ. ಅವನ ದನಿಯೇ ಹೊರಡುತ್ತಿಲ್ಲ.

ಇನ್‌ಸ್ಪೆಕ್ಟರ್ ಮೊರಿಶಿಟಾ ಕಲಬಾಶ್ ಹೌಸಿಗೆ ಹೋದಾಗ ಊಟದ ತಟ್ಟೆಗಳು ಹಾಗೇ ಇದ್ದವು. ನೆಲದ ಮೇಲೆ ಜನ ಕಾರಿಕೊಂಡಿದ್ದರು. ಅದರ ಮೇಲೆ ಬಣ್ಣದ ಕಾಗದದ ತೋರಣ ಕಳಚಿ ಬಿದ್ದು ಒದ್ದೆಯಾಗಿತ್ತು. ನರಳುತ್ತಿದ್ದ ಏಳೂ ಜನ ಕುಡಿದದ್ದು ಒಂದೇ ಗಾಜಿನ ಜಾಡಿಯ ಕೆಂಪು ಪಾನಕ. ಹಿಗಾ ಜಾಡಿಯ ಮುಚ್ಚಳ ತೆಗೆದ. ಶುಂಠಿ, ಲವಂಗ, ಅವುಗಳ ಅಡಿಯಿಂದ ಕಕ್ಕಸು ತೊಳೆಯುವ ದ್ರಾವಣದ ಘಾಟು. ಹಿಗಾ ಮೂಗು ಮುಚ್ಚಿಕೊಂಡು ಹೊರಗೆ ಓಡಿದ. ಪಂಚನಾಮೆ ಮುಗಿಯುವ ಹೊತ್ತಿಗೆ ಅಡುಗೆಮನೆಗೆ ಬೀಗಮುದ್ರೆ ಬಿದ್ದಿತ್ತು.

ಪಾನಕ ಮಾಡಿದವಳು ಅಬೆನಾ. ಘಾನಾದವಳು, ಅರವತ್ತರ ಹತ್ತಿರದ ಹೆಂಗಸು, ಜಪಾನಿಗೆ ಬಂದು ಮೂವತ್ತು ವರ್ಷವಾಗಿತ್ತು. ಕೇಂದ್ರದ ಊಟ ನಡೆಯುತ್ತಿದ್ದುದು ಅವಳ ಲೈಸೆನ್ಸಿನ ಮೇಲೆ. ಅದು ಹೋದರೆ ಅಡುಗೆಮನೆ ಹೋಯಿತು, ಅಡುಗೆಮನೆ ಹೋದರೆ ಬಾಡಿಗೆ ಕಟ್ಟುವ ದಾರಿ ಹೋಯಿತು. ಅವಳ ಮೇಲೇ ಕೇಸು ಬಿದ್ದರಂತೂ ಈ ವಯಸ್ಸಿನಲ್ಲಿ ಊರು ಬಿಟ್ಟು ಹೋಗಬೇಕಾದೀತು. 'ಅವರ ಊಟವೇ ಅಂಥದ್ದು' ಎಂದು ಬಡಾವಣೆಯ ಆನ್‌ಲೈನ್ ಗುಂಪಿನಲ್ಲಿ ಯಾರೋ ಆಗಲೇ ಬರೆದಿದ್ದರು. ಅದಕ್ಕೆ ಎಂಬತ್ತು ಮಂದಿ ಮೆಚ್ಚುಗೆಯ ಹೆಬ್ಬೆರಳು ಒತ್ತಿದ್ದರು.

ಮರುದಿನ ಬೆಳಿಗ್ಗೆ ದುಭಾಷಿಯಾಗಿ ಕುಮುದಾಳಿಗೆ ಕರೆ ಹೋಯಿತು. ಅವಳು ರಾಯಚೂರಿನ ಕಡೆಯವಳು, ಗಂಡ ಅಲ್ಲೇ ಒಂದು ಕಂಪನಿಯಲ್ಲಿ ಎಂಜಿನಿಯರ್. ಜಪಾನಿ ಭಾಷೆಯನ್ನು ಸಂಜೆ ತರಗತಿಗೆ ಹೋಗಿ ಕಲಿತವಳು. ಠಾಣೆಯ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಇಂಗ್ಲಿಷ್, ಹಿಂದಿ, ಕನ್ನಡ ಎಂದಿತ್ತು. ಅಲ್ಲಿಯತನಕ ಕನ್ನಡಕ್ಕೆ ಯಾರೂ ಕರೆದಿರಲಿಲ್ಲ. ಅಬೆನಾಳ ಜಪಾನಿ ಮಾತು ಪೇಟೆಗೆ ಸಾಕು, ಹೇಳಿಕೆಗೆ ಸಾಲದು. ಅದಕ್ಕೆ ಇಂಗ್ಲಿಷ್ ಬೇಕಿತ್ತು.

"ಪಾನಕ ಯಾವಾಗ ಮಾಡಿದಿರಿ?" ಮೊರಿಶಿಟಾ ಕೇಳಿದ.

"ಬೆಳಿಗ್ಗೆ. ತಣ್ಣಗಾಗಲಿ ಅಂತ ಅಡುಗೆಮನೆಯಲ್ಲೇ ಇಟ್ಟಿದ್ದೆ."

"ಬೀಗ?"

"ಬೀಗ ಯಾಕೆ? ಎಲ್ಲರೂ ಬಂದು ಹೋಗುವ ಅಡುಗೆಮನೆ."

"ಅದರಲ್ಲಿ ಏನೇನು ಹಾಕಿದಿರಿ?"

"ಹೂವು, ಶುಂಠಿ, ಲವಂಗ. ಘಾನಾದಲ್ಲಿ ಸೊಬೊಲೊ ಅಂತೀವಿ. ವಿನ್‌ಸ್ಟನ್ ಟ್ರಿನಿಡಾಡಿನವನು, ಸೊರೆಲ್ ಅನ್ನಬೇಕು ಅಂತ ಜಗಳ ಆಡ್ತಾನೆ." ಅಬೆನಾ ತಟ್ಟನೆ ನಿಲ್ಲಿಸಿದಳು. "ಆಡ್ತಿದ್ದ. ಅವನ ಮಗನಿಗೆ ಮೊದಲ ಲೋಟ ನಾನೇ ಕೊಟ್ಟೆ, ಸಿಸ್ಟರ್. ಈ ಕೈಯಾರೆ."

ಮೇಜಿನ ಮೇಲೆ ಸಾಕ್ಷ್ಯದ ಚೀಲದಲ್ಲಿ ಒಣಗಿದ ಕೆಂಪು ಹೂಗಳಿದ್ದವು. ಕುಮುದಾ ನೋಡಿದಳು. ಪುಂಡಿ! ಅವಳ ಅಜ್ಜಿ ಬೇಳೆ ಹಾಕಿ ಪಲ್ಯ ಮಾಡುತ್ತಿದ್ದ ಪುಂಡಿಸೊಪ್ಪಿನ ಕೆಂಪು ಜಾತಿ. ಹೇಳಬೇಕೆನಿಸಿತು. ದುಭಾಷಿ ತನ್ನ ಮಾತು ಸೇರಿಸುವಂತಿಲ್ಲ.

ಮೊರಿಶಿಟಾ ಮುಂದಿನ ಪ್ರಶ್ನೆ ಕೇಳಿದ: "ಗೀಕೋ ಎಂಬವಳು ಯಾರು?"

"ಯಾರು?"

"ಗೀಕೋ. ನಿನ್ನೆ ಐದೂಕಾಲಿಗೇ ಒಬ್ಬ ಫೋನ್ ಮಾಡಿದ್ದಾನೆ. ಊಟ ಶುರುವಾದದ್ದು ಆರಕ್ಕೆ. ಯಾರೂ ಕುಡಿಯುವ ಮೊದಲೇ ಅವನಿಗೆ ಗೊತ್ತಿತ್ತು. ಡೋಲಿನ ಗೀಕೋ ಮನೆ ಎಂದಿದ್ದಾನೆ."

'ಕೋ' ಎಂದು ಮುಗಿದರೆ ಅಲ್ಲಿ ಸಾಮಾನ್ಯವಾಗಿ ಹೆಂಗಸಿನ ಹೆಸರು. ಗೀಕೋಳನ್ನು ಹಿಗಾ ರಾತ್ರಿಯಿಡೀ ಹುಡುಕಿದ್ದ. ಬಂದವರಲ್ಲಿ ಒಬ್ಬ ಅಕಿಕೋ ಸಿಕ್ಕಿದ್ದಳು, ಒಬ್ಬ ಮಿಚಿಕೋ ಸಿಕ್ಕಿದ್ದಳು. ಅಕಿಕೋಳನ್ನು ಅರ್ಧ ಗಂಟೆ ಕೂರಿಸಿ ಪ್ರಶ್ನಿಸಿಯೂ ಆಗಿತ್ತು. ಫೋನ್ ಬಂದದ್ದು ಪಕ್ಕದ ಬೀದಿಯ ಕೊಂಬಿನಿ ಎಂಬ ದಿನಸಿ ಅಂಗಡಿಯ ಎದುರಿನ ಸಾರ್ವಜನಿಕ ಫೋನಿನಿಂದ. ಕೊಂಬಿನಿಯ ಕ್ಯಾಮೆರಾದಲ್ಲಿ ಕಂಡದ್ದು ಟೋಪಿ, ಮಾಸ್ಕ್, ಬೆನ್ನು.

"ದನಿ ಗುರುತು ಸಿಗುತ್ತದೆಯೇ ಕೇಳಿ" ಎಂದು ಮೊರಿಶಿಟಾ ಧ್ವನಿಮುದ್ರಣ ಹಾಕಿಸಿದ.

ತಾಯ್ಕೋ ಗೀಕೋ ನೋ ಇಯೆ.

ಅಬೆನಾ ತಲೆಯಾಡಿಸಿದಳು, ಗೊತ್ತಿಲ್ಲ. ಕುಮುದಾ ಅದನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಕಾಫಿ ಗೀಫಿ. ತಿಂಡಿ ಗಿಂಡಿ. ಆಫೀಸಿನಿಂದ ಬಂದ ಗಂಡ ದಿನವೂ ಕೇಳುತ್ತಿದ್ದ, "ಕೊಂಬಿನಿ ಗಿಂಬಿನಿಗೆ ಹೋಗೋದಿದ್ಯಾ?" ಗೀಕೋ ಯಾರ ಹೆಸರೂ ಅಲ್ಲ. ಡೋಲು ಗೀಲು. ತಿರಸ್ಕಾರವನ್ನೂ ಅಸಡ್ಡೆಯನ್ನೂ ಒಟ್ಟಿಗೆ ಉಗುಳುವ ನಮ್ಮ 'ಗಿ' ಅದು, ಜಪಾನಿ ಮಾತಿನ ಬಾಲಕ್ಕೆ ಅಂಟಿಕೊಂಡು ಠಾಣೆಗೆ ಬಂದಿತ್ತು.

ಸುಮ್ಮನಿದ್ದರೂ ನಡೆಯುತ್ತಿತ್ತು. ಕೇಳಿದ್ದಕ್ಕೆ ಭಾಷಾಂತರ ಮಾಡುವುದಷ್ಟೇ ಅವಳ ಕೆಲಸ. ಹೇಳಿದರೆ ನಾಳೆ ಕನ್ನಡದ ಮನೆಮನೆಗೂ ಪೊಲೀಸರು ಹೋಗುತ್ತಾರೆ, ತೋರಿಸಿಕೊಟ್ಟವಳು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಎದುರಿಗೆ ಅಬೆನಾ ತನ್ನ ಎರಡು ಕೈಗಳನ್ನೂ ಮೇಜಿನ ಮೇಲಿಟ್ಟು, ಅವು ಬೇರೆ ಯಾರದ್ದೋ ಎಂಬಂತೆ ನೋಡುತ್ತ ಕೂತಿದ್ದಳು.

"ಮೊರಿಶಿಟಾ-ಸಾನ್, ಸುಮಿಮಾಸೆನ್" ಎಂದಳು ಕುಮುದಾ. "ಇದು ನನ್ನ ಕೆಲಸದ ಹೊರಗಿನ ಮಾತು. ಗೀಕೋ ಎಂಬ ಹೆಂಗಸು ಇಲ್ಲ."

ಕಾಗದದ ಮೇಲೆ ಬರೆದು ವಿವರಿಸಿದಳು. ಹಿಗಾ ಬಾಯಿ ತೆರೆದು ಕೇಳಿದ.

"ಅಂದರೆ ಸೂಶಿ ಗೀಶಿ?" ಎಂದ.

"ಹೌದು."

"ಪೊಲೀಸ್ ಗಿಲೀಸ್?"

"ಹಿಗಾ!" ಎಂದ ಮೊರಿಶಿಟಾ. ಆಮೇಲೆ ಕುಮುದಾಳ ಕಡೆ ತಿರುಗಿದ. "ಕನ್ನಡದವರು ಮಾತ್ರ ಹೀಗೆ ಹೇಳುವುದೇ?"

"ತೆಲುಗಿನವರೂ ಹೇಳ್ತಾರೆ."

"ಆ ಅಡುಗೆಮನೆಗೆ ಶನಿವಾರ ಇಬ್ಬರಲ್ಲಿ ಯಾರು ಬಂದಿದ್ದರು?"

ಉತ್ತರ ಕೊಟ್ಟವಳು ಅಬೆನಾ. "ಮಹಡಿಯಲ್ಲಿ ನಿಮ್ಮವರ ಮಕ್ಕಳ ತರಗತಿ ಇರುತ್ತಲ್ಲ, ಸಿಸ್ಟರ್. ಶನಿವಾರ ಮಧ್ಯಾಹ್ನ. ಚೆಂದದ ದುಂಡು ದುಂಡು ಅಕ್ಷರ. ಆ ಕೋಣೆಗೆ ನಾನು ಬಾಡಿಗೆ ತಗೊಳ್ಳೋದಿಲ್ಲ."

ಇದನ್ನು ಜಪಾನಿಗೆ ತಿರುಗಿಸುವಾಗ ಕುಮುದಾಳಿಗೆ ತಲೆ ಎತ್ತಲಾಗಲಿಲ್ಲ.

ಸೋಮವಾರ ಹಿಗಾ ತರಗತಿ ನಡೆಸುವ ಕೇಶವನನ್ನು ಕಂಡ. ಕುಮುದಾ ಜೊತೆಗಿದ್ದಳು. ಕೇಶವನಿಗೆ ಮೊದಲು ಕೋಪ ಬಂತು. "ಏನ್ರೀ ಇದು, ಅ ಆ ಇ ಈ ಹೇಳ್ಕೊಡೋ ಜಾಗಕ್ಕೂ ಪೊಲೀಸ್ರಾ?"

"ಅವತ್ತು ಅಡುಗೆಮನೆಗೆ ಯಾರು ಹೋಗಿದ್ರು?" ಹಿಗಾನ ಪ್ರಶ್ನೆಯನ್ನು ಕುಮುದಾ ತಿರುಗಿಸಿದಳು.

"ಪೇರೆಂಟ್ಸ್ ಕಾಫಿ ಮಾಡ್ಕೋತಾರೆ. ಅವತ್ತು ಜೆಪಿ ಮಾಡಿದ್ರು. ಜಯಪ್ರಕಾಶ, ನಿಧಿ ಅಪ್ಪ. ನಿಧಿ ಬಂದಿರ್ಲಿಲ್ಲ. ಜ್ವರ ಅಂದ್ರು."

"ಮಗಳು ಬರದಿದ್ದ ಮೇಲೆ ಅಪ್ಪ ಯಾಕೆ ಬಂದ್ರು?"

ಕೇಶವ ಹಾಜರಿ ಪುಸ್ತಕ ತಂದು ಹಿಗಾನ ಮುಂದಿಟ್ಟ. ಕೋಪ ಇಳಿದಿತ್ತು.

ಮಂಗಳವಾರ ಬೆಳಿಗ್ಗೆ ಜಯಪ್ರಕಾಶನನ್ನು ಠಾಣೆಗೆ ಕರೆಸಿದರು. ನಲವತ್ತನಾಲ್ಕು ವಯಸ್ಸು, ಮೈಸೂರಿನವನು, ವಾಹನದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಹಿರಿಯ ಎಂಜಿನಿಯರ್. ಇಸ್ತ್ರಿ ಮಾಡಿದ ಸೂಟು, ಕೊರಳಲ್ಲಿ ಕಂಪನಿಯ ಬ್ಯಾಡ್ಜು. ಕೂರುವ ಮುಂಚೆ ಕುರ್ಚಿಯನ್ನು ಒದ್ದೆ ಕಾಗದದಿಂದ ಒರೆಸಿದ. ಜಪಾನಿ ತನಗೆ ಬರುತ್ತದೆ, ಆದರೂ ಕನ್ನಡದವರು ಇದ್ದರೆ ಒಳ್ಳೆಯದು ಎಂದ. ಕುಮುದಾಳನ್ನು ನೋಡಿ ಅವನ ಮುಖ ಅರಳಿತು.

"ಅಬ್ಬ, ನಮ್ಮೋರು! ಯಾವೂರು ಮೇಡಂ?"

"ಪ್ರಶ್ನೆಗೆ ಉತ್ತರ ಕೊಡಿ ಸಾರ್."

"ಕೊಡ್ತೀನಿ ಬಿಡಿ. ನೀವು ಸ್ವಲ್ಪ ಅಡ್ಜಸ್ಟ್ ಮಾಡಿ ಹೇಳಿ, ಅಷ್ಟೇ. ನಮ್ ನಮ್ಮಲ್ಲಿ ಇದೆಲ್ಲಾ..."

"ನೀವು ಅಂದಿದ್ದನ್ನೆಲ್ಲ ನಾನು ಹೇಳಬೇಕು. ಇದನ್ನೂ."

ಹೇಳಿದಳು. ಮೊರಿಶಿಟಾ ಬರೆದುಕೊಂಡ. ಜಯಪ್ರಕಾಶನ ನಗು ನಿಂತಿತು.

"ಶನಿವಾರ ಐದೂಕಾಲಿಗೆ ಎಲ್ಲಿದ್ದಿರಿ?"

"ಮನೇಲಿ."

"ಕಲಬಾಶ್ ಹೌಸಿನವರ ಮೇಲೆ ನಿಮಗೇನಾದರೂ ಅಸಮಾಧಾನ?"

"ನಂಗ್ಯಾಕೆ?" ಆಮೇಲೆ ದುಭಾಷಿಯನ್ನು ಬದಿಗಿಟ್ಟು, ಇನ್‌ಸ್ಪೆಕ್ಟರಿಗೆ ನೇರವಾಗಿ ತಾನೇ ತಿಳಿಹೇಳುವವನಂತೆ ಮುಂದೆ ಬಾಗಿ ಜಪಾನಿಯಲ್ಲಿ ಶುರುಮಾಡಿದ. ಅಲ್ಲಿ ರಾತ್ರಿ ಏನೇನೋ ನಡೆಯುತ್ತದೆ, ಹೆಣ್ಣುಮಕ್ಕಳು ಬರುತ್ತಾರೆ, ಕುಡಿತ ನಡೆಯುತ್ತದೆ, "ಬೀರು ಗೀರು..."

ಮೊರಿಶಿಟಾ ಪೆನ್ನು ಎತ್ತಿದ.

"ಬೀರು ಗೊತ್ತಾಯಿತು. ಗೀರು ಅಂದರೆ ಯಾರು?"

ಜಯಪ್ರಕಾಶ ಕುಮುದಾಳನ್ನೇ ನೋಡಿದ. ಅವನಿಗೆ ಮೊದಲು ಅರ್ಥವಾಗಲಿಲ್ಲ, ಮೊರಿಶಿಟಾ ಧ್ವನಿಮುದ್ರಣ ಹಾಕಿದ ಮೇಲೆ ಅರ್ಥವಾಯಿತು. ಮನೆ ಶೋಧನೆಗೆ ಹೋದವರು ತಂದ, ಅರ್ಧ ಖಾಲಿಯಾದ ಕಕ್ಕಸು ದ್ರಾವಣದ ಬಾಟಲಿಯನ್ನು ಮೇಜಿನ ಮೇಲಿಟ್ಟರು. ಪ್ರಯೋಗಾಲಯದ ವರದಿಗೆ ಅದು ಹೊಂದಿತ್ತು.

"ಸ್ಟೇಷನ್ ಹತ್ರ ಇವ್ರ ಪೊಲೀಸ್ರೇ ನನ್ನ ನಿಲ್ಸಿದ್ರು" ಎಂದ. ಈಗ ಬರೀ ಕನ್ನಡ. "ಮೂರ್ ಸಲ. ಕಾರ್ಡ್ ತೋರ್ಸು, ಕಲಬಾಶ್‌ಗಾ ಹೋಗ್ತಿರೋದು ಅಂತ. ಸೂಟ್ ಹಾಕಿದ್ದೆ ಮೇಡಂ ನಾನು, ಬ್ಯಾಡ್ಜ್ ಇತ್ತು. ಅಪಾರ್ಟ್‌ಮೆಂಟ್ ಮೀಟಿಂಗಲ್ಲಿ ಒಬ್ಳು ಮುದುಕಿ ಎಲ್ಲರ ಎದುರಿಗೆ ನಂಗೆ ಕೈ ಮುಗ್ದು, ನಿಮ್ಮ ಡೋಲು ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಅಂದ್ಳು. ನಮ್ ಡೋಲಾ? ನಾನು, ಅವ್ರು ಒಂದೇನಾ? ಆಮೇಲೆ ನಿಧಿ ಬಂದು, ಪಪ್ಪಾ ಐ ವಾಂಟ್ ಟು ಪ್ಲೇ ಸ್ಟೀಲ್‌ಪ್ಯಾನ್ ಅಂದ್ಳು."

"ಅದಕ್ಕೆ?"

"ಅವ್ರೇ ಬೇರೆ, ನಾವೇ ಬೇರೆ ಅಂತ ಗೊತ್ತಾಗ್ಲಿ ಅಂತ. ಗಲೀಜು ಜನ ಅಂತ ಒಂದ್ಸಲ ಪೇಪರಲ್ಲಿ ಬಂದಿದ್ರೆ ಸಾಕಿತ್ತು. ಜಾಗ ಖಾಲಿ ಮಾಡ್ಸೋರು."

ಸ್ಟೇಷನ್ ಹತ್ತಿರ ನಿಲ್ಲಿಸಿದ ಮಾತು ಭಾಷಾಂತರವಾದಾಗ ಬಾಗಿಲ ಬಳಿ ನಿಂತಿದ್ದ ಹಿಗಾ ತಲೆ ತಗ್ಗಿಸಿದ. ಮೊರಿಶಿಟಾ ಅದನ್ನು ಕಂಡ, ಕಂಡೂ ಬರೆಯುತ್ತ ಹೋದ. ಕುಮುದಾಳಿಗೆ ಪೊಲೀಸರಿಬ್ಬರ ಮೇಲೂ ಹೇಸಿಗೆಯಾಯಿತು. ಮುಂದಿನದನ್ನೂ ಅವಳೇ ಹೇಳಬೇಕಿತ್ತು. ಗಲೀಜು ಜನ. ಜಪಾನಿಯಲ್ಲಿ ಆ ಮಾತನ್ನು ಮೆತ್ತಗೆ ಹೇಳಲು ಹತ್ತು ದಾರಿಗಳಿವೆ. ಅವಳು ಮೆತ್ತಗೆ ಮಾಡಲಿಲ್ಲ. ತನ್ನ ಬಾಯಿಂದಲೇ, ಉತ್ತಮ ಪುರುಷದಲ್ಲಿ, ಅವನು ಅಂದ ಹಾಗೇ ಅಂದಳು.

"ಅಲ್ಲಿ ಮಕ್ಕಳೂ ಇರುತ್ತಾರೆಂದು ಗೊತ್ತಿರಲಿಲ್ಲವೇ?" ಎಂದು ಮೊರಿಶಿಟಾ ಕೇಳಿದ.

"ಗೊತ್ತಿತ್ತು. ಅದಕ್ಕೇ ಫೋನ್ ಮಾಡಿದ್ದು. ಕುಡಿಯೋದು ಒಳ್ಳೇದಲ್ಲ ಅಂತ ಹೇಳಿದ್ನಲ್ಲ! ನೀವೇ ಬರ್ಲಿಲ್ಲ."

ಅಂದು ಮಧ್ಯಾಹ್ನ ಬಂಧನವಾಯಿತು. ಕುಮುದಾ ಶೌಚಾಲಯಕ್ಕೆ ಹೋಗಿ ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು. ಹೊರಗೆ ಜಯಪ್ರಕಾಶನ ಹೆಂಡತಿ ಸಿಂಧೂರಾ ಮಗಳ ಕೈ ಹಿಡಿದು ನಿಂತಿದ್ದಳು. ಹುಡುಗಿಗೆ ಜ್ವರ ಬಂದ ಲಕ್ಷಣವೇನೂ ಇರಲಿಲ್ಲ.

"ಡಿಡ್ ಪಪ್ಪಾ ಸೇ ಸುಮಿಮಾಸೆನ್?" ಎಂದು ನಿಧಿ ಕುಮುದಾಳನ್ನು ಕೇಳಿದಳು.

ಡಿಸೆಂಬರಿನಲ್ಲಿ ಅಡುಗೆಮನೆಯ ಬೀಗಮುದ್ರೆ ತೆಗೆದರು. ಲೈಸೆನ್ಸು ಅಬೆನಾಳ ಹೆಸರಿನಲ್ಲೇ ಉಳಿಯಿತು. ವಿನ್‌ಸ್ಟನ್‌ನ ಮಗ ಹಾಲು ಕುಡಿಯುವಂತಾದ, ಮಾತು ಇನ್ನೂ ಪಿಸುದನಿ. ಕುಮುದಾ ಒಂದು ಶನಿವಾರ ಸಂಜೆ ಅಲ್ಲಿಗೆ ಹೋಗಿ, ಆ ಹೂವಿಗೆ ನಮ್ಮಲ್ಲಿ ಪುಂಡಿ ಎನ್ನುತ್ತಾರೆ ಎಂದಳು. "ಸೊಬೊಲೊ" ಎಂದಳು ಅಬೆನಾ. "ಸೊರೆಲ್" ಎಂದ ವಿನ್‌ಸ್ಟನ್, ನಗದೆ. ಅಬೆನಾ ಒಂದು ಲೋಟ ತುಂಬಿ, ಮೊದಲು ತಾನು ಒಂದು ಗುಟುಕು ಕುಡಿದು ತೋರಿಸಿ, ಆಮೇಲೆ ಕುಮುದಾಳ ಕೈಗೆ ಕೊಟ್ಟಳು. ಈಗ ಯಾರಿಗೇ ಕೊಡುವುದಿದ್ದರೂ ಅವಳು ಹಾಗೆಯೇ ಕೊಡುತ್ತಾಳಂತೆ. ಮಹಡಿಯ ಕೋಣೆಗೆ ಕನ್ನಡ ತರಗತಿಯವರು ಮತ್ತೆ ಬರಲಿಲ್ಲ. ಬರಬೇಡಿ ಎಂದು ಯಾರೂ ಹೇಳಿರಲಿಲ್ಲ.

ನ್ಯಾಯಾಲಯದವರು ಕುಮುದಾಳನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದರು. 'ನೊಮು ನೋ, ಯೊಕುನಾಯ್' ಎಂದನಲ್ಲ, ಅವನು ಕನ್ನಡದಲ್ಲಿ ಯೋಚಿಸಿದ್ದಾದರೆ ಅದರ ಅರ್ಥವೇನು? ಆ ಪಾನಕ ಕೆಟ್ಟಿದೆ, ಯಾರೂ ಕುಡಿಯಬಾರದು ಎಂದೋ? ಅಲ್ಲಿಯವರು ಕುಡಿದು ಕೆಟ್ಟಿದ್ದಾರೆ, ಬಂದು ಹಿಡಿಯಿರಿ ಎಂದೋ? ಕುಡಿಯೋದು ಒಳ್ಳೇದಲ್ಲ. ಅವಳು ಆ ಮಾತನ್ನು ಎಷ್ಟೋ ಸಲ ತನ್ನೊಳಗೇ ಹೇಳಿ ನೋಡಿದ್ದಳು. ಎರಡೂ ಆಗುತ್ತದೆ ಎಂದಳು. ಕೊನೆಯ ಸುಮಿಮಾಸೆನ್? ಅದೂ ಹಾಗೆಯೇ ಎಂದಳು. ಅವನು ಎಚ್ಚರಿಸಲು ಫೋನ್ ಮಾಡಿದನೋ, ಅವರನ್ನು ಸಿಕ್ಕಿಹಾಕಿಸಲು ಮಾಡಿದನೋ, ಅವಳಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.