ಮಾಸ್ಕು ಹಾಕಿದ್ದಷ್ಟು ಹೊತ್ತು

"ತಲೇಲಿ ಎಣ್ಣೆ ಇರೋರು ಒಳಗೆ ಓಗಂಗಿಲ್ಲಮ್ಮಾ. ಒಳಗೆ ಆಕ್ಸಿಜನ್ನು. ಒಂದು ಕಿಡಿ ಸಾಕು," ಎಂದ ಆರುಮುಗಂ. ೧೯೬೭ರಲ್ಲಿ ಊರಿಗಾಂ ಕಡೆಯ ಚಿನ್ನದ ಗಣಿಯವರ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಉಕ್ಕಿನ ಕೋಣೆಯನ್ನು ನೋಡಿಕೊಳ್ಳುತ್ತಿದ್ದವನು ಅವನೇ.

ಪಿಳ್ಳಮ್ಮ ಜಡೆ ಮುಟ್ಟಿ ನೋಡಿಕೊಂಡಳು. ಮೂರು ದಿನದ ಹಿಂದೆ ಬೂದಿಕೋಟೆಯಲ್ಲಿ ಅವಳ ತಲೆಗೆ ಮೈಗೆ ಅರಿಶಿನ ಎಣ್ಣೆ ಹಚ್ಚಿ ಮದುವೆಯ ನಲುಗಿನ ಶಾಸ್ತ್ರ ಮಾಡಿದ್ದರು. ಅದೇ ಮಧ್ಯಾಹ್ನ, ಮದುವೆಯ ರಜೆಗೆ ಮುಂಚಿನ ಕೊನೆಯ ಶಿಫ್ಟಿನಲ್ಲಿ, ಗಣಿಯೊಳಗೆ ಬಂಡೆ ಕುಸಿದು ಅವಳ ಸೋದರತ್ತೆಯ ಮಗ, ಮದುವೆಗಂಡು ಕೋದಂಡಪ್ಪನ ಬಲಗಾಲು ಜಜ್ಜಿಹೋಗಿತ್ತು.

ಕಾಲು ಕೊಳೆಯುತ್ತಿದೆ, ಉಳಿಯಬೇಕಾದರೆ ದಿನವೂ ಎರಡು ಗಂಟೆ ಆ ಕೋಣೆಯಲ್ಲಿ ಒತ್ತಡದ ಆಕ್ಸಿಜನ್ ಉಸಿರಾಡಬೇಕು ಎಂದಿದ್ದರು ಡಾಕ್ಟರು. ಕೋದಂಡಪ್ಪನಿಗೋ, ಬಾಗಿಲು ಮುಚ್ಚಿದರೆ ಬಂಡೆಯಡಿ ಸಿಕ್ಕಿಕೊಂಡಿದ್ದ ನೆನಪು. ಗಾಜಿನ ಕಿಂಡಿಗೆ ಗುದ್ದಿ ಗುದ್ದಿ ಬಾಗಿಲು ತೆಗೆಸಿ ಹೊರಗೆ ಬಂದುಬಿಟ್ಟಿದ್ದ. "ಕಾಲಿಲ್ಲದೋನಿಗೆ ಮದ್ವೆ ಬ್ಯಾಡ. ಪಿಳ್ಳಿಗೆ ಬೇರೆ ಕಡೆ ನೋಡ್ಲಿ" ಎಂದು ಊರಿಗೆ ಹೇಳಿಯೂ ಕಳಿಸಿದ್ದ. ಅವನವರು ಯಾರಾದರೂ ಜೊತೆಗೆ ಕೂತರೆ ತಡೆದುಕೊಂಡಾನು ಎಂದು ಡಾಕ್ಟರು ಹೇಳಿದ್ದು ಕೇಳಿ, ಪಿಳ್ಳಮ್ಮ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬಂದಿದ್ದಳು.

"ನಲುಗಿನ ಎಣ್ಣೇನ ಮದ್ವೆಗೆ ಮುಂಚೆ ತೊಳ್ಯೋದೇನೇ? ಅಪಶಕುನ ಕಣೇ!" ಕೋದಂಡಪ್ಪನ ತಾಯಿ ಮುನಿಶಾಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಬಾವ ಕಾಲು ಕಳ್ಕೊಳ್ಳೋದು ಶುಭಶಕುನಾನಾ ಅತ್ತೆ? ಸೀಗೆಪುಡಿ ಎಲ್ಲೈತೆ ಏಳು."

ನಲ್ಲಿಯ ಕೆಳಗೆ ಮೂರು ಸಲ ತಲೆ ಉಜ್ಜಿದಳು. ಅರಿಶಿನದ ಬಣ್ಣ ಹರಿದುಹೋಗುವಾಗ ಅಳು ಬಂತು. ಗಟ್ಟಿಗಿತ್ತಿಯೇನೋ ಹೌದು, ಆದರೆ ಶಕುನಕ್ಕೆ ಹೆದರದ ಹೆಣ್ಣು ಬೂದಿಕೋಟೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಕೋಣೆಯೊಳಗೆ ಕೋದಂಡಪ್ಪನ ಮಂಚದ ಪಕ್ಕ ಅವಳು ಕೂತ ಮೇಲೆ ಬಾಗಿಲು ಮುಚ್ಚಿತು. ಗಾಳಿ ಬುಸುಗುಟ್ಟುತ್ತ ತುಂಬಿಕೊಂಡು ಕಿವಿ ನೊಂದಿತು. ಕಿಂಡಿಯಾಚೆಯಿಂದ ಆರುಮುಗಂ ತೋರಿಸಿಕೊಟ್ಟಂತೆ ಇಬ್ಬರೂ ಕಿವಿ ಬಿಡುವಂತೆ ಮೂಗು ಹಿಡಿದು ಉಸಿರು ಒತ್ತಿದರು. ಹಾಗೆ ಮೂಗು ಹಿಡಿದುಕೊಂಡೇ ಕೋದಂಡಪ್ಪ ಅವಳ ಒದ್ದೆ ಕೂದಲನ್ನು ನೋಡಿದ. ಅವಳು ಏನು ತೊಳೆದು ಬಂದಿದ್ದಾಳೆಂದು ತಿಳಿದು, ತಟ್ಟನೆ ಮುಖ ತಿರುಗಿಸಿದ.

ಮುಖಕ್ಕೆ ಆಕ್ಸಿಜನ್ನಿನ ಮಾಸ್ಕು ಹಾಕಿದ ಮೇಲೆ ಅವನು ಮಾತಾಡುವಂತಿರಲಿಲ್ಲ.

"ಒಳ್ಳೇದಾಯ್ತು," ಎಂದಳು ಅವಳು. "ಇವತ್ತು ನಾನು ಏಳೋದು, ನೀನು ಕೇಳೋದು. ಬ್ಯಾಡ ಅಂತ ಏಳಿ ಕಳಿಸ್ದೆಯಲ್ಲ ಬಾವ, ಯಾರ್ನ ಕೇಳಿ? ನಾನೇನು ನಿನ್ನ ಕಾಲ್ನ ನೋಡಿ ಒಪ್ಕೊಂಡಿದ್ನಾ?"

ಅವನು ತಲೆಯಾಡಿಸಿ, ಅವಳು ಹಿಡಿದುಕೊಂಡಿದ್ದ ಕೈಯನ್ನು ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ಕಾಲು ಉಳಿದ್ರೆ ಮದ್ವೆ ಚಪ್ಪರಕ್ಕೆ ಎರಡು ಕಾಲಲ್ಲಿ ಬಾ. ಇಲ್ದಿದ್ರೆ ನನ್ನ ಎಗಲ ಮೇಲೆ ಕೈ ಆಕ್ಕೊಂಡು ಬಾ. ನಂಗೆ ನೀನು ಬೇಕು."

ಇಷ್ಟು ಹೇಳುವಷ್ಟರಲ್ಲಿ ಅವಳ ಕೆನ್ನೆ ಬಿಸಿಯಾಗಿತ್ತು. ಅವನು ಒಂದೆರಡು ಸಲ ಬಾಗಿಲ ಕಡೆ ನೋಡಿದ. ಆದರೆ ಅವನು ಗಾಜಿಗೆ ಗುದ್ದಲಿಲ್ಲ.

ಅರ್ಧ ಗಂಟೆ ಕಳೆದ ಮೇಲೆ ಆರುಮುಗಂ ಕಿಂಡಿ ತಟ್ಟಿ ಐದು ಬೆರಳು ತೋರಿಸಿದ. ಐದು ನಿಮಿಷ ಮಾಸ್ಕು ತೆಗೆಯಬಹುದು. ಬಾವ ಬಾಯಿಬಿಟ್ಟು ಬೇಡವೆಂದುಬಿಟ್ಟರೆ ಎಲ್ಲ ಮುಗಿದಂತೆಯೇ.

ಕೋದಂಡಪ್ಪ ಮಾಸ್ಕು ತೆಗೆದ. ಅವಳ ಒದ್ದೆ ಕೂದಲ ತುದಿಯನ್ನು ಮುಟ್ಟಿ ನೋಡಿದ.

"ಡಾಕ್ಟ್ರು ಇಪ್ಪತ್ತು ದಿನ ಅಂದವ್ರೆ ಪಿಳ್ಳಿ," ಎಂದ. "ಮುಹೂರ್ತ ಅದಾದ್ಮೇಲೆ ಇಡ್ಸೋಕೆ ನಿಮ್ಮಪ್ಪಂಗೆ ಏಳು."