ಚೆನ್ನಮ್ಮನ ತಂದೆಯ ಪದಕ

ಡಬ್ಬಿ ಖಾಲಿಯಾಗಿತ್ತು!

"ಅಪ್ಪನ ಪದಕ... ಈಗಷ್ಟೇ ಇತ್ತಲ್ಲ," ಎಂದರು ಚೆನ್ನಮ್ಮ. ಬೆರಳು ಡಬ್ಬಿಯ ಮಖಮಲ್ಲನ್ನು ಸವರುತ್ತಲೇ ಇತ್ತು.

೨೦೦೦ದ ನವೆಂಬರ್, ಶುಕ್ರವಾರ ಬೆಳಿಗ್ಗೆ. ಯುದ್ಧದಲ್ಲಿ ಸತ್ತ ಹಿರಿಯರನ್ನು ನೆನೆಯಲು ಕೊಲ್ಲಿ ನಾಡಿನ ಬುದಯ್ಯ ಹಳ್ಳಿಯ ಕನ್ನಡದ ಮನೆಗಳವರು ಕಡಲಂಚಿನ ತೋಟದಲ್ಲಿ ಸೇರಿದ್ದರು. ಧ್ವಜ ಹಿಡಿಯಲು ಎಂಜಿನಿಯರ್ ಸುಧೀಂದ್ರನ 'ಹಳೇ ಪಲ್ಟನ್' ಬಂದಿತ್ತು. ರಜೆ ಬಂತೆಂದರೆ ಇವರಿಗೆ ಮೊದಲ ಮಹಾಯುದ್ಧದ ಸಿಪಾಯಿಗಳ ವೇಷದ ಹುಚ್ಚು— ಖಾಕಿ, ರುಮಾಲು, ಮಂಡಿಯವರೆಗೆ ಸುತ್ತಿದ ಉಣ್ಣೆಯ ಕಾಲುಪಟ್ಟಿ.

ಎಂಬತ್ತನಾಲ್ಕರ ಚೆನ್ನಮ್ಮ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ ಅಪ್ಪ ಬಸ್ರಾದ ಯುದ್ಧಕ್ಕೆ ಹಡಗು ಹತ್ತಿದ್ದರು. ಮರಳಿ ಬಂದದ್ದು ಪದಕ ಮಾತ್ರ, ಅದೂ ಅಂಚೆಯಲ್ಲಿ. ಆ ಹಡಗು ದಾಟಿದ ಕಡಲಿನ ದಂಡೆಗೆ ಪದಕ ಒಮ್ಮೆ ಧ್ವಜದ ಜೊತೆ ಹೋಗಬೇಕು— ಈ ಆಸೆ ಹೊತ್ತೇ ಮೊಮ್ಮಗಳ ಮನೆಗೆ ಬಂದಿದ್ದರು. ಸಂಜೆ ವಾಪಸು ವಿಮಾನ.

"ಪೊಲೀಸರನ್ನ ಕರೆಸೋಣ," ಎಂದ ಸುಧೀಂದ್ರ.

"ಹತ್ತು ನಿಮಿಷ ಕೊಡಿ ಮಾರಾಯ್ರೆ," ಎಂದಳು ಖೈರುನ್ನಿಸಾ.

ಚೆನ್ನಮ್ಮನ ಮೊಮ್ಮಗಳ ಪಕ್ಕದ ಮನೆಯವಳು ಅವಳು. ಇವತ್ತು ಚಹಾದ ಉಸ್ತುವಾರಿ. ಉಳಿದ ದಿನ ಈಸಾ ಟೌನ್‌ನ ಶಾಲಾ ಬಸ್ಸಿನ ಆಯಾ. ಮಕ್ಕಳ ತಲೆಗಳು ನಿಂತಲ್ಲಿ ನಿಲ್ಲುವುದಿಲ್ಲವೆಂದು ಕಾಲು ನೋಡಿ ಲೆಕ್ಕ ಹಿಡಿಯುವುದು ಅವಳ ರೂಢಿ. ಮುದುಕಿಯ ಬರಿಗೈ ನೋಡಿ ಅವಳು ಚಹಾದ ತಟ್ಟೆ ಕೆಳಗಿಟ್ಟಳು.

"ಡಬ್ಬಿ ಇಟ್ಟಿದ್ದ ಡೇರೆ ಒಳಗೆ ಯಾರೆಲ್ಲ ಹೋದದ್ದು?"

"ನಾನು, ಧ್ವಜ ತರೋಕೆ," ಎಂದ ಸುಧೀಂದ್ರ. "ಡಬ್ಬಿ ಮುಚ್ಚಿತ್ತು."

"ನಾನು ನೀರು ಕುಡೀಲಿಕ್ಕೆ," ಎಂದ ಪಲ್ಟನ್ನಿನ ಲ್ಯಾನ್ಸಿ, ಹಿದ್ ಊರಿನ ಹಡಗು ರಿಪೇರಿ ಯಾರ್ಡಿನ ಕ್ರೇನ್ ಚಾಲಕ. "ಡಬ್ಬಿ ಕಡೆ ನೋಡ್ಲೇ ಇಲ್ಲ."

"ನೀವು?"

ಪಲ್ಟನ್ನಿನ ಮೂರನೆಯವ, ಎಲೆಕ್ಟ್ರಿಷಿಯನ್ ಶೈಲೇಶ್ ನೆಲ ನೋಡಿದ. "ರುಮಾಲು ಸರಿ ಮಾಡ್ಲಿಕ್ಕೆ... ಎರಡೇ ನಿಮಿಷ."

ಮೂವರ ಜೇಬೂ ಹುಡುಕಿದ್ದಾಯಿತು. ರುಮಾಲು ಬಿಚ್ಚಿದ್ದಾಯಿತು. ಏನೂ ಇಲ್ಲ!

ಖೈರುನ್ನಿಸಾ ರೂಢಿಯಂತೆ ಮೂವರ ಕಾಲನ್ನೂ ನೋಡಿದಳು.

"ಸರ್, ಈ ಪಟ್ಟಿ ಹೇಗೆ ಸುತ್ತುವುದು?"

"ಪಾದದ ಹತ್ರ ಶುರು, ಮಂಡಿ ಕೆಳಗೆ ಗಂಟು. ನಮ್ಮ ಪಲ್ಟನ್ ರೂಲು. ಬೆಳಿಗ್ಗೆ ಒಬ್ಬೊಬ್ಬರದೂ ಚೆಕ್ ಮಾಡಿದೀನಿ. ಯಾಕೆ?"

"ಮತ್ತೆ ಶೈಲೇಶಣ್ಣನ ಎಡಗಾಲಿನ ಗಂಟು ಹಿಮ್ಮಡಿ ಹತ್ರ ಎಂತಕ್ಕೆ ಉಂಟು?"

ಎಲ್ಲರ ಕಣ್ಣೂ ಅತ್ತ ತಿರುಗಿತು. ಬಲಗಾಲಿನ ಗಂಟು ಮಂಡಿಯ ಕೆಳಗಿತ್ತು. ಎಡಗಾಲಿನದು ಪಾದದ ಬಳಿ!

"ಕೆಳಗಿಂದ ಸುತ್ತುತ್ತಾ ಬಂದ್ರೆ ಬಟ್ಟೆ ಮೇಲೆ ಬರುವಷ್ಟರಲ್ಲಿ ಪದಕ ಜಾರಿ ಬೀಳ್ತದೆ," ಎಂದಳು ಖೈರುನ್ನಿಸಾ. "ಮೊದಲು ಮೀನಖಂಡದ ಮೇಲೆ ಅದನ್ನು ಬಿಗಿ ಮಾಡ್ಬೇಕು. ಅದಕ್ಕೇ ಮೇಲಿಂದ ಸುತ್ತಿದ್ದು. ಹೌದಾ, ಶೈಲೇಶಣ್ಣ?"

ಶೈಲೇಶ್ ಮರಳಲ್ಲೇ ಕೂತ. ಪಟ್ಟಿ ಬಿಚ್ಚಿದ. ಕೊನೆಯ ಸುತ್ತಿನಿಂದ ಬೆಳ್ಳಿ ಪದಕ ಮರಳಿಗೆ ಬಿತ್ತು.

"ಕದಿಯಲಿಕ್ಕಲ್ಲ ಅಮ್ಮ," ಎಂದ. "ನನ್ನ ಅಜ್ಜ ಅಂಥದ್ದೇ ಹಡಗಿನಲ್ಲಿ ಕಲ್ಲಿದ್ದಲು ಹಾಕ್ಲಿಕ್ಕೆ ಹೋದವರು, ಬರ್ಲೇ ಇಲ್ಲ. ಪದಕ ಬಿಡಿ, ಒಂದು ಕಾಗದವೂ ಬರ್ಲಿಲ್ಲ. ದಂಡೆವರೆಗೆ ಒಂದ್ಸಲ ಮೈಮೇಲೆ ಇಟ್ಕೊಂಡು ನಡೆದು, ವಾಪಸ್ ಇಡ್ತಿದ್ದೆ. ಮುಚ್ಚಿದ ಡಬ್ಬಿ ಯಾರೂ ತೆಗೆಯುದಿಲ್ಲ ಅಂದ್ಕೊಂಡೆ."

"ನೀನು ಪಲ್ಟನ್‌ನಿಂದ ಹೊರಗೆ!" ಎಂದು ಸುಧೀಂದ್ರ ಗುಡುಗಿದ.

ಚೆನ್ನಮ್ಮ ಕೈಯೆತ್ತಿ ತಡೆದರು. ಪದಕದ ಮರಳನ್ನು ಸೆರಗಿನಿಂದ ಒರೆಸಿದರು.

"ಬುದ್ಧಿ ಬಂದಾಗಿಂದ ಇದನ್ನ ಡಬ್ಬೀಲೇ ನೋಡಿದೀನಿ ಕಣೋ. ಮನುಷ್ಯರ ಎದೆ ಮೇಲೆ ಒಂದ್ಸಲಾನೂ ನೋಡಿಲ್ಲ. ಬಾ ಇಲ್ಲಿ. ನಿಮ್ಮಜ್ಜನ ಹೆಸರೇನು?"

"ಕೊರಗಪ್ಪ."

ಅವರು ಅವನ ಖಾಕಿಗೆ ಪದಕ ಚುಚ್ಚಿದರು. ಸುಧೀಂದ್ರ ಪೆನ್ನು ತೆಗೆದು, ಓದಬೇಕಿದ್ದ ಸತ್ತವರ ಹೆಸರುಗಳ ಕೊನೆಗೆ ಇನ್ನೊಂದು ಬರೆದ. ಶೈಲೇಶ್ ಪಟ್ಟಿಯನ್ನು ಕೆಳಗಿನಿಂದ ಸುತ್ತಿ, ಮಂಡಿಯ ಕೆಳಗೆ ಗಂಟು ಹಾಕಿದ.

ಧ್ವಜ ಕಡಲಿನತ್ತ ಹೊರಟಿತು. ಖೈರುನ್ನಿಸಾಳ ತೋಳು ಹಿಡಿದು ಚೆನ್ನಮ್ಮ ಎದ್ದು ನಿಂತರು. ಪದಕ ಧರಿಸಿದ ಆ ಖಾಕಿ ಎದುರು ಹಾದುಹೋಗುವಾಗ ಮೆಲ್ಲನೆ, "ಅಪ್ಪಾ," ಎಂದು ಕರೆದರು.

ಎಂಬತ್ತನಾಲ್ಕು ವರ್ಷದಲ್ಲಿ ಅವರು ಹಾಗೆ ಕರೆದದ್ದು ಅದೇ ಮೊದಲು.